ರೆಕ್ಕೆಯ ಬುಡದ ತಗಡು

ಕುದೂರು
೧೮ ಜನವರಿ ೨೦೨೫, ಶನಿವಾರ

ನನ್ನ ಕವನಾ,

ಈ ಕಾಗದವನ್ನು ನೀನು ಓದುತ್ತೀಯೋ, ಹರಿದು ಹಾಕುತ್ತೀಯೋ ಗೊತ್ತಿಲ್ಲ. ಹರಿಯಬೇಕು ಅನ್ನಿಸಿದರೆ ಓದಿದ ಮೇಲೆ ಹರಿ. ಭಾನುವಾರದಿಂದ ನೀನು ನನ್ನ ಫೋನು ಎತ್ತಿಲ್ಲ. ಎತ್ತಿದ್ದರೂ ಇದನ್ನು ಬಾಯಲ್ಲಿ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ನಿನ್ನ ದನಿ ಕೇಳಿದ ಕೂಡಲೇ ಅರ್ಧ ಮಾತು ನುಂಗಿಬಿಡುತ್ತೇನೆ. ನಾಳೆ ನಿನ್ನ ಚಿಕ್ಕಪ್ಪ ಪ್ರಭುಲಿಂಗ ಕನಕಪುರಕ್ಕೆ ಬರುತ್ತಿದ್ದಾನೆ, ಅವನ ಕೈಲಿ ಕಳಿಸುತ್ತೇನೆ. ಇದರಲ್ಲಿ ಏನಿದೆ ಅಂತ ಅವನಿಗೆ ಗೊತ್ತಿಲ್ಲ, ಗೋಂದು ಹಚ್ಚಿ ಮುಚ್ಚಿದ್ದೇನೆ. ಸೋಮವಾರ ನೀನು ವಕೀಲರ ಜೊತೆ ಹೋಗಿ ಅಶೋಕ್ ಸರ್ ಮೇಲೆ ದೂರು ಕೊಡುತ್ತೀಯ ಎಂದು ಹೇಳಿದವನೂ ಅವನೇ. ಅದಕ್ಕೆ ಮುಂಚೆ ನೀನು ಇದನ್ನು ಓದಲೇಬೇಕು.

ಭಾನುವಾರ ನೀನು ಹೇಳದೆ ಬಂದೆ. ಅಂಗಡಿ ಬಾಗಿಲು ಹಾಕಿತ್ತು, ಹಿತ್ತಲಿಗೆ ಬಂದೆ. ನಾನು ಮರಳಿನ ಚೀಲದ ಮೇಲೆ ಅಲ್ಯುಮಿನಿಯಂ ತಗಡು ಇಟ್ಟುಕೊಂಡು ಬಡಿಯುತ್ತಿದ್ದೆ. ಅದು ಯಾವುದರ ತಗಡು ಎಂದು ನಿನಗೆ ನೋಡಿದ ತಕ್ಷಣ ಗೊತ್ತಾಯಿತು. "ಅಪ್ಪ ಹೋಗಿ ಆರು ತಿಂಗ್ಳಾಗಿಲ್ಲ, ಅವ್ರನ್ನ ಕೊಂದೋನ್ ಕೆಲ್ಸ ಮಾಡ್ತಾ ಕುಂತಿದ್ದೀಯಲ್ಲವ್ವಾ" ಅಂದೆ. ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ಹೊರಟುಹೋದೆ. ಈ ಕೆಲಸ ನನಗೆ ಯಾವಾಗ ಬಂತು ಎಂದು ನೀನು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೇನೋ.

ನನಗೆ ಅದು ಹನ್ನೆರಡನೇ ವಯಸ್ಸಿಗೇ ಬಂದಿತ್ತು. ಮಾಗಡಿಯಲ್ಲಿ ನಿನ್ನ ತಾತ ಹಂಡೆ, ಕೊಳಗ ಬಡಿಯುತ್ತಿದ್ದದ್ದು ನಿನಗೆ ಗೊತ್ತು. ಗಂಡುಮಕ್ಕಳಿರಲಿಲ್ಲ, ನನ್ನನ್ನೇ ಎದುರಿಗೆ ಕೂರಿಸಿಕೊಂಡು ಕಲಿಸಿದರು. ಎಲ್ಲಿ ತಗಡು ಬಿಗಿದಿದೆ, ಎಲ್ಲಿ ಸಡಿಲಾಗಿದೆ ಎಂದು ಅವರು ಕಣ್ಣು ಮುಚ್ಚಿ ಸದ್ದಿನಲ್ಲೇ ಹೇಳುತ್ತಿದ್ದರು. ಮದುವೆಯಾಗಿ ಕುದೂರಿಗೆ ಬಂದ ಮೇಲೆ ನಾನು ಸುತ್ತಿಗೆ ಹಿಡಿಯಲಿಲ್ಲ. ನಿಮ್ಮಪ್ಪನ ಕೈಯಲ್ಲೇ ಬೇಕಾದಷ್ಟು ಕೆಲಸವಿತ್ತು, ನನ್ನದು ಬೇಕಿರಲಿಲ್ಲ.

ನೀನು ರಾಮನಗರದ ಹಾಸ್ಟೆಲಿಗೆ ಸೇರಿದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಊಟ ಮಾಡುವಾಗ, ಆಮೇಲೆ ಸುತ್ತಿಗೆ ಎತ್ತುವಾಗ. ಬೆಂಗಳೂರಿನ ಡಾಕ್ಟರು ನರದ ಕಾಯಿಲೆ, ಪೂರ್ತಿ ವಾಸಿಯಾಗುವುದಲ್ಲ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ತಗಡಿನೋನ್ ಕೈ ನಡುಗ್ತದೆ ಅಂತ ಗೊತ್ತಾದ್ರೆ ನಾಳೆಯಿಂದ ಅಂಗ್ಡಿಗೆ ಯಾರ್ ಬತ್ತಾರೆ? ಕವನಂಗೂ ಹೇಳ್‌ಬ್ಯಾಡ." ನಾನು ಹೂಂ ಅಂದೆ. ಅಂದಿನಿಂದ ಅವರು ಅಳತೆ ತೆಗೆಯುತ್ತಿದ್ದರು, ಗುರುತು ಹಾಕಿ ಕತ್ತರಿಸುತ್ತಿದ್ದರು. ಎರಡೂ ಕೈ ಸೇರಿಸಿದರೆ ಕತ್ತರಿ ಹಿಡಿಯುವಷ್ಟು ಹಿಡಿತವಿತ್ತು. ಬಡಿಯುವುದು ನನ್ನ ಪಾಲಿಗೆ ಬಂತು. ಹಿತ್ತಲ ಬಾಗಿಲು ಹಾಕಿಕೊಂಡು ನಾನು ಬಡಿಯುತ್ತಿದ್ದೆ, ಅವರು ಪಕ್ಕದಲ್ಲಿ ಕೂತಿರುತ್ತಿದ್ದರು. ಕೆಲಸ ಮುಗಿದ ಮೇಲೆ ಬಾಗಿಲು ತೆಗೆದು ಅವರೇ ಎತ್ತಿಕೊಂಡು ಹೋಗಿ ಕೊಡುತ್ತಿದ್ದರು. ನೀನು ಹಬ್ಬಕ್ಕೆ ಬಂದಾಗ ಕೆಲಸ ನಿಲ್ಲಿಸುತ್ತಿದ್ದೆವು. ಮಗಳು ಬಂದಿದ್ದಾಳೆ, ಸದ್ದು ಬೇಡ ಎಂದು ಅವರು ಅಂದಾಗ ನೀನು ಎಷ್ಟು ಖುಷಿಪಡುತ್ತಿದ್ದೆ.

ಹೀಗಿರುವಾಗ ಅಶೋಕ್ ಸರ್ ಬಂದರು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಎಲ್ಲ ಒಂದು ಕಡೆ ಇರಲಿ. ವಾಯುಸೇನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ತಿಪ್ಪಸಂದ್ರದ ರಸ್ತೆಯಲ್ಲಿ ಶೆಡ್ಡು ಹಾಕಿದವರು. ಮಹಾಯುದ್ಧದ ಕಾಲದ ಒಂಟಿ ಸೀಟಿನ ಯುದ್ಧವಿಮಾನ ಗುಜರಿಯವನ ಹತ್ತಿರ ಬಿದ್ದಿದ್ದನ್ನು ತಂದಿದ್ದರು. ರೆಕ್ಕೆಯಲ್ಲಿ ಮುಳ್ಳುಗಿಡ ಬೆಳೆದಿತ್ತಂತೆ. ಅದನ್ನು ಮೊದಲಿದ್ದ ಹಾಗೇ ಕಟ್ಟಿ ನಿಲ್ಲಿಸಬೇಕು ಅನ್ನುವುದು ಅವರ ಹಟ. ಹಾರಿಸುವುದಿಲ್ಲ, ಆದರೆ ಹಾರುವಷ್ಟು ಸರಿಯಾಗಿರಬೇಕು ಅನ್ನುತ್ತಿದ್ದರು. ಮೂತಿಯ ಹೊದಿಕೆ, ರೆಕ್ಕೆ ಬಂದು ಮೈಗೆ ಸೇರುವ ಕಡೆಯ ತಗಡು, ಇವೆಲ್ಲ ಎರಡು ಕಡೆಗೂ ಬಾಗುವಂಥವು. ಒಂದೆರಡು ತುಂಡಿಗಾಗಿ ಅಚ್ಚು ಮಾಡಿಸಲು ಆಗುವುದಿಲ್ಲ, ಕೈಯಲ್ಲೇ ಬಡಿಯಬೇಕು. ಯಾರೋ ನಿಮ್ಮಪ್ಪನ ಹೆಸರು ಹೇಳಿದ್ದರು.

ನಾನು ಬೇಡ ಅಂದೆ. ನಿಮ್ಮಪ್ಪ ಒಪ್ಪಿಕೊಂಡು ಬಂದರು. ಮರದ ಅಚ್ಚನ್ನೂ ಬಡಿಯುವ ಹುಣಸೆ ಮರದ ಕೊಡತಿಗಳನ್ನೂ ಚನ್ನಪಟ್ಟಣದಲ್ಲಿ ಕಡೆಸಿ ತಂದರು. ಯಾರಾದರೂ ನೋಡುತ್ತಿದ್ದರೆ ತಮಗೆ ಕೈ ಓಡುವುದಿಲ್ಲ ಎಂದು ಹೇಳಿ ಎಲ್ಲ ತಗಡನ್ನೂ ಮನೆಗೇ ತಂದರು. ಎರಡು ವರ್ಷ ಅವು ಇಲ್ಲೇ ಹಿತ್ತಲಲ್ಲಿ ರೂಪ ತಳೆದವು. ತಗಡಿಗೆ ಬಟ್ಟೆ ಸೋಪು ಉಜ್ಜಿ ಹಿಂದಿನಿಂದ ಬೆಂಕಿ ಕೊಡುತ್ತಿದ್ದೆ. ಸೋಪು ಕಂದಿ ಕಪ್ಪಾದ ಗಳಿಗೆಗೆ ಬೆಂಕಿ ತೆಗೆದರೆ ತಗಡು ಮೆತ್ತಗಾಗುತ್ತದೆ, ಒಂದು ಗಳಿಗೆ ತಡವಾದರೆ ತೂತು ಬೀಳುತ್ತದೆ. ಆ ಗಳಿಗೆಯನ್ನು ನೋಡಿ ಹೇಳುತ್ತಿದ್ದದ್ದು ನಿಮ್ಮಪ್ಪ. ಅವರ ಕಣ್ಣು ಕೊನೆಯವರೆಗೂ ತಪ್ಪಲಿಲ್ಲ. ಆಮೇಲೆ ಪೇಪರಿನಲ್ಲಿ ಫೋಟೋ ಬಂತಲ್ಲ, ನಿಮ್ಮಪ್ಪ ವಿಮಾನದ ಮೂತಿಯ ಮೇಲೆ ಕೈ ಇಟ್ಟು ನಿಂತದ್ದು, ನೀನು ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿರುವುದು, ಆ ಮೂತಿಯನ್ನು ಬಡಿದವಳು ನಾನು.

ಈಗ ಜುಲೈ ಇಪ್ಪತ್ತೊಂದರ ಮಾತು. ಪ್ರಭುಲಿಂಗ ಅಂದು ಅಲ್ಲಿರಲಿಲ್ಲ. ಅಶೋಕ್ ಸರ್ ಜನರ ಮುಂದೆ ನಿಲ್ಲಿಸಿ ಅವಮಾನ ಮಾಡಿದರು ಎಂದು ಅವನು ನಿನಗೆ ಹೇಳಿದ್ದು ಯಾರಿಂದಲೋ ಕೇಳಿದ್ದು.

ಅಂದು ಶೆಡ್ಡಿನಲ್ಲಿ ಅಶೋಕ್ ಸರ್ ನಿಮ್ಮಪ್ಪನಿಗೆ ಶಾಲು ಹೊದಿಸಬೇಕೆಂದಿದ್ದರು. ಬೆಂಗಳೂರಿನಿಂದ ಏಳೆಂಟು ಜನ ಬಂದಿದ್ದರು. ನಾನು ಮೊಪೆಡ್ಡಿನಲ್ಲಿ ಅವರ ಹಿಂದೆ ಕೂತು ಹೋದೆ. ಕೈ ತೀರಾ ನಡುಗಿದಾಗ ಹಿಂದಿನಿಂದ ತೋಳು ಚಾಚಿ ನಾನೇ ಹ್ಯಾಂಡಲ್ ಹಿಡಿಯಬೇಕಾಗುತ್ತಿತ್ತು, ಅದಕ್ಕೇ ಅವರೊಬ್ಬರನ್ನೇ ನಾನು ಎಲ್ಲಿಗೂ ಕಳಿಸುತ್ತಿರಲಿಲ್ಲ. ಎಡಗಡೆಯ ರೆಕ್ಕೆಯ ಬುಡದ ತಗಡನ್ನು ಅಂದು ತಾನೇ ತಂದು ಮೇಜಿನ ಮೇಲೆ ಇಟ್ಟಿದ್ದರು. ಶಾಲು ಹೊದಿಸಿದ ಮೇಲೆ ಫೋಟೋದವನು ಎರಡು ಏಟು ಹೊಡೆದು ತೋರಿಸಿ ಎಂದ. ನಿಮ್ಮಪ್ಪ ಬೇಡ ಅಂದರು. ಎಲ್ಲರೂ ಬಲವಂತ ಮಾಡಿದರು. ಅಶೋಕ್ ಸರ್‌ಗೆ ವಿಷಯ ಗೊತ್ತಿರಲಿಲ್ಲವಲ್ಲ, ಸಲುಗೆಯಿಂದ ಅವರೇ ಸುತ್ತಿಗೆ ಕೊಟ್ಟರು. ನಿಮ್ಮಪ್ಪ ಹೊಡೆದರು. ಸುತ್ತಿಗೆ ಓರೆಯಾಗಿ ಬಿತ್ತು. ನುಣ್ಣಗಿದ್ದ ತಗಡಿನ ನಡುವೆ ತಗ್ಗಾಯಿತು. ಬಂದವರಲ್ಲಿ ಒಬ್ಬ ನಕ್ಕು, "ಏನ್ ಯಜಮಾನ್ರೆ, ಬೆಳಗ್ಗೇನೇ ಹಾಕ್ಕೊಂಡು ಬಂದಿದ್ದೀರಾ?" ಅಂದ.

ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಸುತ್ತಿಗೆ ಈಸಿಕೊಂಡೆ. "ಇವ್ರು ಕುಡಿಯೋರಲ್ಲ ಸಾ. ಇವ್ರ ಕೈಗೆ ನರದ ಕಾಯ್ಲೆ ಐತೆ. ಒಂಬತ್ತು ವರ್ಸದಿಂದ ಬಡೀತಿರೋಳು ನಾನು" ಅಂದೆ. ನಿಮ್ಮಪ್ಪ ಶಾಲು ತೆಗೆದು ಮಡಚಿ ರೆಕ್ಕೆಯ ಮೇಲಿಟ್ಟು ಹೊರಗೆ ಹೋದರು. ನಾನು ತಿರುಗಿ ನೋಡುವಷ್ಟರಲ್ಲಿ ಹೊರಟೇ ಹೋಗಿದ್ದರು. ಕೆರೆ ಏರಿ ದಾಟಿದ ಮೇಲೆ ತಿರುವಿನ ಮೋರಿಗೆ ಗಾಡಿ ಹೊಡೆದಿತ್ತು. ಮುಂದಿನದು ನಿನಗೆ ಗೊತ್ತು.

ಇಷ್ಟು ಬರೆದು ಎದ್ದು ಹೋದೆ, ಒಲೆ ಹಚ್ಚಿದೆ, ಮತ್ತೆ ಬಂದು ಕೂತಿದ್ದೇನೆ. ಮೇಲೆ ಬರೆದದ್ದರಲ್ಲಿ ಎರಡು ಕಡೆ ಸುಳ್ಳಿದೆ ಕವನಾ. ಹೊಡೆದು ಹಾಕಿ ತಿದ್ದೋಣ ಅಂದುಕೊಂಡೆ. ಬೇಡ, ಅದೂ ಇರಲಿ.

ಒಂದು. ಅವರ ಮರ್ಯಾದೆ ಉಳಿಸಲು ಮಾತಾಡಿದೆ ಎಂಬ ಹಾಗೆ ಬರೆದಿದ್ದೇನೆ. ಕುಡಿಯೋರಲ್ಲ, ಕಾಯಿಲೆ ಇದೆ, ಅಷ್ಟು ಹೇಳಿದ್ದರೆ ಸಾಕಾಗಿತ್ತು. ಬಡೀತಿರೋಳು ನಾನು ಅನ್ನುವ ಮಾತು ಬೇಕಿರಲಿಲ್ಲ. ಆ ಶಾಲು ಅವರ ಹೆಗಲ ಮೇಲೆ ಬಿದ್ದಾಗಲೇ ಅದು ನನ್ನದು ಅನ್ನಿಸಿತ್ತು. ಒಂಬತ್ತು ವರ್ಷ ಬಾಗಿಲು ಹಾಕಿಕೊಂಡು ಬಡಿದವಳಿಗೆ ಒಂದು ಸಲ ನಾಲ್ಕು ಜನ ನೋಡಲಿ ಅನ್ನಿಸಿತ್ತು. ಆ ಮನುಷ್ಯ ಕುಡಿತದ ಮಾತಾಡಿದ್ದು ನನಗೊಂದು ನೆಪ ಸಿಕ್ಕ ಹಾಗಾಯಿತು.

ಎರಡನೆಯದು ಬರೆಯುವುದು ಇನ್ನೂ ಕಷ್ಟ. ತಿರುಗಿ ನೋಡುವಷ್ಟರಲ್ಲಿ ಹೋಗಿದ್ದರು ಅಂದೆ. ಹಾಗಲ್ಲ. ಅವರು ಬಾಗಿಲಲ್ಲಿ ನಿಂತದ್ದನ್ನು ನೋಡಿದೆ. ನಾನು ಬರಲಿ ಎಂದೇ ನಿಂತಿದ್ದರು. ನಾನು ಆ ತಗ್ಗನ್ನು ಸರಿಮಾಡಲು ಶುರು ಮಾಡಿದ್ದೆ. ಕೆಳಗೆ ಕಬ್ಬಿಣದ ದಿಮ್ಮಿ ಕೊಟ್ಟು ಸುತ್ತಲಿಂದ ಸಣ್ಣಸಣ್ಣ ಏಟು ಹಾಕುತ್ತಿದ್ದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಅಶೋಕ್ ಸರ್, "ಅಮ್ಮಾ, ಅವರು ಹೊರಟರು, ನೀವು ಹೋಗಿ" ಅಂದರು. "ಇರಿ ಸಾ, ಒಸಿ ಐತೆ, ಮುಗಿಸ್ಬುಡ್ತೀನಿ" ಅಂದೆ. ಗಾಡಿ ಸ್ಟಾರ್ಟ್ ಆದದ್ದು ಕೇಳಿಸಿತು. ಅವರೊಬ್ಬರೇ ಹೋಗಬಾರದು ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಆದರೂ ಎದ್ದು ಹೋಗಲಿಲ್ಲ. ತಗ್ಗು ಮಾಯವಾಗುವವರೆಗೆ ಬಡಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಹೊತ್ತಿಗೆ ನಿಮ್ಮಪ್ಪ ಮೋರಿಯಲ್ಲಿ ಬಿದ್ದಿದ್ದರು.

ಸಮಾಧಿಗೆ ಮಣ್ಣು ಹಾಕುವಾಗ ನೀನು ಅಶೋಕ್ ಸರ್ ತಂದ ಹಾರ ಕಿತ್ತೆಸೆದೆ. ನಮ್ಮಪ್ಪನ್ನ ಜನರ ಮುಂದೆ ನಿಲ್ಲಿಸಿ ಕೊಂದವನು ನೀನೇ ಎಂದು ಕೂಗಿದೆ. ಅವರು ತಲೆ ತಗ್ಗಿಸಿ ನಿಂತಿದ್ದರು. ನನ್ನ ಕಡೆ ಒಂದು ಸಲ ನೋಡಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಸುಮ್ಮನಿದ್ದೆ. ಇನ್ನು ಆ ಶೆಡ್ಡಿಗೆ ಕಾಲಿಟ್ಟರೆ ನಾನು ನಿನ್ನ ಮಗಳಲ್ಲ ಎಂದು ನೀನು ಆಣೆ ಹಾಕಿಸಿದಾಗಲೂ ಸುಮ್ಮನಿದ್ದೆ. ಗಂಡನನ್ನು ಕಳೆದುಕೊಂಡಿದ್ದೇನೆ, ಮಗಳನ್ನೂ ಕಳೆದುಕೊಳ್ಳಲು ಆಗುವುದಿಲ್ಲ ಎಂಬ ಭಯ. ಅದಕ್ಕೆ ಇನ್ನೊಬ್ಬರ ಮೇಲೆ ಹೊರೆ ಹೊರಿಸಿದೆ.

ನವೆಂಬರಿನಲ್ಲಿ ನಾನೇ ಬಸ್ಸು ಹತ್ತಿ ಶೆಡ್ಡಿಗೆ ಹೋದೆ. ಅವರು ಕರೆದಿರಲಿಲ್ಲ. ಬಲಗಡೆಯ ರೆಕ್ಕೆಯ ಬುಡ ಖಾಲಿಯಿತ್ತು. ಬೇರೆಯವರಿಂದ ಮಾಡಿಸಿದ ಎರಡು ತಗಡು ಸೀಳಿ ಮೂಲೆಯಲ್ಲಿ ಬಿದ್ದಿದ್ದವು. ನೀವು ಯಾಕೆ ನನ್ನ ಮಗಳಿಗೆ ನಿಜ ಹೇಳಲಿಲ್ಲ ಎಂದು ಕೇಳಿದೆ. "ಅದು ನೀವು ಹೇಳಬೇಕಾದ್ದು ಅಮ್ಮಾ. ಆ ಹುಡುಗಿ ನನ್ನ ಬೈದರೆ ನಾನು ಸವೆದುಹೋಗಲ್ಲ" ಅಂದರು. ಅಂಥವರ ಮೇಲೆ ನೀನು ದೂರು ಕೊಡಲು ಹೊರಟಿದ್ದೀಯ.

ಬಲಗಡೆಯ ತಗಡನ್ನು ನಾನೇ ಕೇಳಿ ತಂದೆ. ಸೋಪು ಕಂದುವುದನ್ನು ಈಗ ನಾನೇ ನೋಡಿಕೊಳ್ಳಬೇಕು. ಒಂದು ಸಲ ತೂತಾಯಿತು, ಇನ್ನೊಂದು ತಂದೆ. ನಿನ್ನ ಹತ್ತಿರ ಹೇಳಲು ಅಂಜುತ್ತೇನೆ, ಆದರೂ ಹೇಳುತ್ತೇನೆ. ಬಡಿಯುವಾಗ ನನಗೆ ಸುಖವಾಗುತ್ತದೆ. ನಿಲ್ಲಿಸಿದ ಕೂಡಲೇ ಆ ಬಾಗಿಲು, ಅಲ್ಲಿ ನಿಂತ ಅವರು ಕಣ್ಣಿಗೆ ಬರುತ್ತಾರೆ. ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತೇನೆ.

ಗುರುವಾರ ಅದು ಮುಗಿಯಿತು. ನಿನ್ನೆ ಕೊಂಡುಹೋಗಿ ಕೂರಿಸಿದೆವು, ರಿವೆಟ್ಟಿನ ತೂತುಗಳೆಲ್ಲ ಸರಿಯಾಗಿ ಕೂತವು. ವಿಮಾನದ ಪಕ್ಕ ಫಲಕ ಹಾಕುತ್ತಾರಂತೆ, ಯಾರ ಹೆಸರು ಬರೆಸಲಿ ಎಂದು ಅಶೋಕ್ ಸರ್ ಕೇಳಿದರು. ನಿನ್ನನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಅಳೆದು ಕತ್ತರಿಸಿದವರು ಕಾಡಸಿದ್ದಪ್ಪ, ಬಡಿದವರು ಚನ್ನಬಸಮ್ಮ, ಹೀಗೆ ಬರೆಸಿ ಅಂದೆ. ಹೇಳುವಾಗ ನಾಚಿಕೆಯಾಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಆಯಿತು.

ಸೋಮವಾರ ನೀನು ಹೋಗುವುದೇ ಆದರೆ ಈ ಕಾಗದವನ್ನೂ ತೆಗೆದುಕೊಂಡು ಹೋಗು. ಅಶೋಕ್ ಸರ್ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಸು. ನಾನು ಇಲ್ಲ ಅನ್ನುವುದಿಲ್ಲ. ನೀನು ನನ್ನನ್ನು ಕ್ಷಮಿಸಬೇಕು ಎಂದು ಬರೆಯಲು ಕೈ ಬರುತ್ತಿಲ್ಲ. ಬಂದು ಜಗಳವಾಡಿದರೂ ಸಾಕು. ಮನೆಯಲ್ಲೇ ಇರುತ್ತೇನೆ.

ನಿನ್ನ ಅವ್ವ,
ಚನ್ನಬಸಮ್ಮ

ತಾಜಾಕಲಂ: ಆಸ್ಪತ್ರೆಯವರು ಕೊಟ್ಟ ನಿಮ್ಮಪ್ಪನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು. ಇದುವರೆಗೆ ಯಾರಿಗೂ ತೋರಿಸಿಲ್ಲ. ಅಂದು ಶಾಲು ಹೊದಿಸಿದ ಮೇಲೆ ನಾಲ್ಕು ಮಾತಾಡಲು ಬರೆದುಕೊಂಡದ್ದು. ಅಕ್ಷರ ನಡುಗಿದೆ, ಆದರೂ ಓದಬಹುದು. ಅಶೋಕ್ ಸರ್‌ಗೆ ನಮಸ್ಕಾರ, ಬಂದವರಿಗೆ ನಮಸ್ಕಾರ, ಕೆಲಸ ಕಲಿಸಿದ ತಮ್ಮ ತಂದೆಗೆ ನಮಸ್ಕಾರ. ಕೊನೆಯ ಸಾಲಿನಲ್ಲಿ "ಈ ಕೆಲಸದಲ್ಲಿ ನನ್ನ ಹೆಂಡತಿ ಚನ್ನಬಸಮ್ಮ" ಎಂದು ಬರೆದು ಅಲ್ಲಿಗೇ ಬಿಟ್ಟಿದ್ದಾರೆ. ಬುತ್ತಿ ಕಟ್ಟಿಕೊಟ್ಟಳು ಎಂದು ಬರೆಯಲು ಹೊರಟಿದ್ದರೋ, ಎಲ್ಲವನ್ನೂ ತಾವೇ ಹೇಳಿಬಿಡಬೇಕು ಎಂದಿದ್ದರೋ. ಆರು ತಿಂಗಳಿಂದ ದಿನಾ ತೆಗೆದು ನೋಡುತ್ತೇನೆ, ಗೊತ್ತಾಗುವುದಿಲ್ಲ. ಜೆರಾಕ್ಸ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಅವರ ಮನಸ್ಸು ನನಗಿಂತ ನಿನಗೆ ಚೆನ್ನಾಗಿ ಗೊತ್ತಿತ್ತು. ಓದಿ ನೋಡಿ ಹೇಳು.