ಕೆಮ್ಮುವ ಬೀದಿ

ಮಾರ್ಚ್ 3, ಸಂಜೆ

ಬಂದೆ. ಚಿಲಕ ಹಾಕಿದೆ. ಹಾಕಿದೆನಾ ಅಂತ ಎದ್ದು ಹೋಗಿ ಮತ್ತೆ ನೋಡಿದೆ. ಹಾಕಿದೆ.

ಹೋಟೆಲಿನ ಲಾಂಡ್ರಿಯಲ್ಲಿ ಇವತ್ತೂ ಬರೀ ಬೆಡ್‌ಶೀಟು. ಇಸ್ತ್ರಿ ತಿಕ್ಕಿ ತಿಕ್ಕಿ ಭುಜ ಬಿದ್ದುಹೋಗಿದೆ. ಅದಿರಲಿ. ಅಲ್ಲಿಂದ ರೂಮಿಗೆ ಬರುವುದೇ ದೊಡ್ಡ ಕೆಲಸ. ಪರದೇಶಿ ದೊರೆಗಳು ಕಟ್ಟಿಸಿದ ಬೀದಿ, ಎರಡೂ ಕಡೆ ದಪ್ಪ ಕಂಬ, ಕಮಾನು. ಪ್ರತಿ ಕಂಬದ ಹಿಂದೆಯೂ ಯಾರೋ ನಿಂತ ಹಾಗೆ. ಬೀದಿದೀಪ ಕೆಟ್ಟು ಯಾವ ಕಾಲವಾಯಿತೋ.

ಹೆದರಿಕೆಯಾದರೆ ಬಂದುಬಿಡು ಅಂತ ಅಕ್ಕ ಫೋನಿನಲ್ಲಿ. ಹೋದರೆ ಮತ್ತೆ ಭಾವನ ಮನೆಯ ಮೂಲೆ. ಅವರ ಮುಖ ನೋಡಿಕೊಂಡು ಉಣ್ಣಬೇಕು. ಆದರೂ ಈ ತಿಂಗಳು ನೋಡಿ ಹೊರಟೇಬಿಡುತ್ತೇನೋ ಏನೋ...

ಕೆಳಗೆ ಮನೆಯೊಡತಿ ಅಜ್ಜಿ ಕಿಟಕಿಯಲ್ಲಿ ಕೂತು ಕೆಮ್ಮುತ್ತಾರೆ. ದಿನಾ ನಾನು ಬರುವ ಹೊತ್ತಿಗೇ. ಒಳ್ಳೆಯ ಕೆಮ್ಮಲ್ಲ ಅದು.

ಮಾರ್ಚ್ 5

ಅಜ್ಜಿಗೆ ಮಾತ್ರ ಅಲ್ಲ. ತಿರುವಿನಲ್ಲಿ ಗಡಿಯಾರ ರಿಪೇರಿಯವನು ಕೆಮ್ಮಿದ. ಆಮೇಲೆ ಟೈಲರ್ ಅಕ್ಕ. ಆಮೇಲೆ ಅಜ್ಜಿ. ನಾನು ದಾಟುತ್ತಿದ್ದಂತೆ ಒಬ್ಬರಾದ ಮೇಲೆ ಒಬ್ಬರು. ಬೀದಿಗೆ ಬೀದಿಯೇ ಅಂಟಿಸಿಕೊಂಡಿದೆ!

ಮೂಗಿಗೆ ಕರ್ಚೀಫು ಒತ್ತಿಕೊಂಡೇ ಬಂದೆ. ಅಜ್ಜಿಗೆ ಕೆಮ್ಮಿನ ಸಿರಪ್ ತಂದುಕೊಟ್ಟೆ. ಬಾಟಲಿ ತಿರುಗಿಸಿ ನೋಡಿ ನಕ್ಕರು. ನನ್ನೆದೆಗೇನೂ ಆಗಿಲ್ಲ, ಕಲ್ಲಿನ ಹಾಗೆ ಗಟ್ಟಿ ಅಂದರು. ಕಾಯಿಲೆಯವರೆಲ್ಲ ಹೇಳುವುದೇ ಅದು.

ಮಾರ್ಚ್ 6

ಗೋಡೌನಿನ ಹಿಂದಿನ ಓಣಿಯಿಂದ ಸುತ್ತಿ ಬಂದೆ. ಅಲ್ಲಿ ಯಾರೂ ಕೆಮ್ಮುವುದಿಲ್ಲ. ಯಾರೂ ಇರುವುದೇ ಇಲ್ಲ. ಇನ್ನು ಅದೇ ದಾರಿ.

ಮಾರ್ಚ್ 10

ಅಕ್ಷರ ಹಾವಿನ ಹಾಗೆ. ಸ್ಕೂಲು ಬಿಟ್ಟಾಗಲೂ ಇಷ್ಟು ಕೆಟ್ಟದಾಗಿ ಬರೆಯುತ್ತಿರಲಿಲ್ಲ.

ಓಣಿಯಲ್ಲಿ ಒಬ್ಬ ಹಿಂದೆ ಬಿದ್ದ. ನಿಂತರೆ ನಿಂತ. ನಡೆದರೆ ನಡೆದ. ಒಬ್ಬಳೇನಾ ಅಂದ — ಮೆತ್ತಗೆ, ಪರಿಚಯದವನ ಹಾಗೆ. ಓಡಿದೆ. ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಗಂಟಲೊಣಗಿ ಕೆಮ್ಮು ಬಂತು. ನಿಲ್ಲಲೇ ಇಲ್ಲ.

ಗಡಿಯಾರದವನ ಬಾಗಿಲು ತೆರೆಯಿತು. ಅವನು ಕೆಮ್ಮಿದ. ಟೈಲರ್ ಅಕ್ಕ ಕೆಮ್ಮುತ್ತಾ ಕತ್ತರಿ ಹಿಡಿದೇ ಹೊರಗೆ ಬಂದಳು. ಅಜ್ಜಿ ಪೊರಕೆ ಸಮೇತ ಬಾಗಿಲಲ್ಲಿ. ಆ ಮನುಷ್ಯ ಬೀದಿ ನೋಡಿದ, ಏನೋ ಮರೆತುಬಂದವನ ಹಾಗೆ ಜೇಬು ತಡವಿಕೊಂಡು ವಾಪಸ್ ಹೋದ.

ನೀರು ಕುಡಿಸಿ ಅಜ್ಜಿ ಬೈದರು. "ಎಲ್ಲಿ ಹಾಳಾಗಿ ಹೋಗಿದ್ಯೇ? ದಿನಾ ಗಂಟ್ಲು ಸರಿ ಮಾಡ್ಕೊಂಡು ಕೂತಿದ್ದೇ ಬಂತು."

ದೀಪ ಹೋದಾಗಿನಿಂದ ಇದು ಬೀದಿಯವರ ಪದ್ಧತಿಯಂತೆ. ಹೆಂಗಸು ಒಂಟಿಯಾಗಿ ಬಂದರೆ ಕೆಮ್ಮುವುದು, ಮುಂದಿನ ಮನೆಯವರು ಕಿವಿಗೊಟ್ಟು ಕೂರಲಿ ಅಂತ. ಕೂಗಿ ಹೇಳಿದರೆ ಬರುವವಳಿಗೆ ಮುಜುಗರವಂತೆ.

ನನಗೆ ಮೊದಲೇ ಹೇಳಬಾರದಿತ್ತಾ ಅಂದೆ.

"ಹೇಳಿದ್ರೆ ಅದಕ್ಕೂ ಹೆದರ್ಕೋತಿದ್ದೆ." ಆಮೇಲೆ, "ನಿನ್ನ ಸಿರಪ್ ಕುಡಿದು ಕೆಮ್ಮು ನಿಂತಿದ್ರೆ ಏನೇ ಗತಿ?"

ಅಳು, ನಗು ಒಟ್ಟಿಗೇ ಬಂತು. ಟೈಲರ್ ಅಕ್ಕ ಬೆನ್ನು ನೀವುತ್ತಲೇ ಇದ್ದಳು.

ಮಾರ್ಚ್ 19, ಸಂಜೆ

ಬರುವುದಿಲ್ಲ ಅಂತ ಅಕ್ಕನಿಗೆ ಹೇಳಿದೆ. ಭಾವ ನಂಬುವುದಿಲ್ಲ ಬಿಡು ಅಂತ ನಕ್ಕಳು.

ಚಿಲಕ ಒಂದೇ ಸಲ ನೋಡಿದೆ. ಸರಿ, ಎರಡು ಸಲ.

ಅಜ್ಜಿಗೆ ನಿಜವಾಗಿಯೂ ನೆಗಡಿ. ಗಂಟಲು ಕಟ್ಟಿ ಸದ್ದೇ ಇಲ್ಲ. ಸಿರಪ್ ಕುಡಿದು ಮಲಗಿದ್ದಾರೆ. ಲಾಂಡ್ರಿಗೆ ಹೊಸದಾಗಿ ಸೇರಿದ ಹುಡುಗಿ ಇವತ್ತು ಇದೇ ದಾರಿಯಲ್ಲಿ ಬರಬೇಕು. ನೀನೇ ನೋಡಿಕೋ ಅಂತ ಅಜ್ಜಿ ಸನ್ನೆ ಮಾಡಿದರು. ಅವರ ಕಿಟಕಿಯಲ್ಲೇ ಕೂತು ಬರೆಯುತ್ತಿದ್ದೇನೆ. ಸರಿಯಾಗಿ ಕೆಮ್ಮದಿದ್ದರೆ? ಹುಡುಗಿ ಹೆದರಿದರೆ?

ಹೆಜ್ಜೆ ಸದ್ದು. ಒಂಟಿ. ಬೇಗ ಬೇಗ.

ಗಡಿಯಾರದವನು ಕೆಮ್ಮಿದ. ಟೈಲರ್ ಅಕ್ಕ ಕೆಮ್ಮಿದಳು. ಇನ್ನು ನಾನು —