ಮೂವತ್ತೊಂದು ಚೀಟಿ

ಶನಿವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಂಗಿಗೆ,

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈದುಕೊಂಡೇ ಓದು. ಮೊದಲು ನಷ್ಟ ಎಷ್ಟೆಂದು ಹೇಳಿಬಿಡುತ್ತೇನೆ: ಮೂವತ್ತೊಂದು ವಿದ್ಯಾರ್ಥಿಗಳಲ್ಲಿ ಹತ್ತೊಂಬತ್ತು ಜನ, ನಮ್ಮ ಕ್ಲಾಸಿನ ನರ್ಸಮ್ಮನಿಗೆ ಸಿಗಬೇಕಿದ್ದ ಹೊಸ ಕೆಲಸ, ಮತ್ತೆ ನೀನು.

ನಮ್ಮ ಇಂಗ್ಲಿಷ್ ಕ್ಲಾಸಿಗೆ ನಿನ್ನ ಬದಲು ನಾನು ತಂದು ಕೂರಿಸಿದ ಮಹಾನುಭಾವನಿಗೆ ಎಲ್ಲರೂ ಟೈ ಸಾಹೇಬ ಅನ್ನುತ್ತಾರೆ. ಒಂದು ಗಂಟೆಯಲ್ಲಿ ಐವತ್ತೈದು ನಿಮಿಷ ಅವನದೇ ಇಂಗ್ಲಿಷ್, ಉಳಿದ ಐದು ನಿಮಿಷ ಹಾಜರಿ. ಯಾರಾದರೂ ತಡವರಿಸಿದರೆ ವಾಕ್ಯವನ್ನು ಬಾಯಿಂದ ಕಿತ್ತುಕೊಂಡು ತಾನೇ ಮುಗಿಸುತ್ತಾನೆ, ಆಮೇಲೆ ತಾನೇ ಶಹಬ್ಬಾಸ್ ಅಂದುಕೊಳ್ಳುತ್ತಾನೆ. ವಿದ್ಯಾರ್ಥಿಗಳಿಗೆ ಬೇಕಾದ್ದು ಇದೇ ಎಂದು ನಂಬಿದವನು ನಿನ್ನ ಬುದ್ಧಿವಂತ ಅಣ್ಣ. ನಿನ್ನ ಪಾಠವನ್ನು ಬಾಗಿಲಲ್ಲಿ ನಿಂತು ನೋಡಿದ್ದೆನಲ್ಲ: ಡ್ರೈವರಣ್ಣ ಒಂದು ವಾಕ್ಯಕ್ಕೆ ಮೂರು ನಿಮಿಷ ಒದ್ದಾಡುತ್ತಿದ್ದ, ನೀನು ಕೈಕಟ್ಟಿ ಕೂತಿರುತ್ತಿದ್ದೆ. ಬಾಯಿಂದಲೇ ಬದುಕು ಕಟ್ಟಿಕೊಂಡ ನನಗೆ, ಯಾರಾದರೂ ಸುಮ್ಮನಿದ್ದರೆ ಏನೋ ಸೋರಿಹೋಗುತ್ತಿದೆ ಅನ್ನಿಸುತ್ತದೆ. ಹಾಗಾಗಿ ಎಂಥ ಮೇಷ್ಟ್ರು ಬೇಕೆಂದು ಎಲ್ಲರಿಂದ ಚೀಟಿ ಬರೆಸಿದೆ. ಅವರಿಗೇ ನೀನು ಬೇಡವಂತೆ ಎಂದು ನಿನಗೆ ಹೇಳಿದೆ. ನೀನು ಬ್ಯಾಗು ತಗೊಂಡು ಹೊರಟೆ.

ಹೋದ ವಾರ ನರ್ಸಮ್ಮ ಸಂದರ್ಶನ ಮುಗಿಸಿ ನೇರ ನನ್ನ ಕೋಣೆಗೆ ಬಂದಳು. ಪ್ರಶ್ನೆ ಅರ್ಥವಾಯಿತಂತೆ, ಉತ್ತರವೂ ಗೊತ್ತಿತ್ತಂತೆ. ಅರ್ಧ ಹೇಳಿ, ಉಳಿದದ್ದನ್ನು ಬೇರೆಯವರು ಮುಗಿಸಲಿ ಎಂದು ನಿಂತುಬಿಟ್ಟಳಂತೆ. ಅಲ್ಲಿ ಯಾರೂ ಮುಗಿಸಲಿಲ್ಲ. ಆಕೆ ಇದನ್ನು ಹೇಳುವಾಗ ನನ್ನ ಪಕ್ಕದಲ್ಲೇ ಕೂತಿದ್ದ ಟೈ ಸಾಹೇಬ ಆತ್ಮವಿಶ್ವಾಸದ ಮೇಲೆ ಉಪದೇಶ ಶುರುಮಾಡಿದ. ಆಕೆ ಅವನ ಕಡೆ ತಿರುಗಲೂ ಇಲ್ಲ.

"ಇವರ ಇಂಗ್ಲಿಷ್ ಚೆನ್ನಾಗೇ ಇದೆ ಸರ್, ಅದನ್ನ ಕೇಳೋಕೆ ನಾವ್ಯಾಕೆ ಬರಬೇಕು? ಮೇಡಂ ಮುಂದೆ ತಪ್ಪು ಮಾತಾಡೋಕೆ ನಾಚಿಕೆ ಆಗ್ತಿರ್ಲಿಲ್ಲ. ಅದಕ್ಕೇ ಬರ್ತಿದ್ದಿದ್ದು. ಚೀಟೀಲೂ ಇದನ್ನೇ ಬರೆದಿದ್ವಲ್ಲ, ಓದಿದ್ರಿ ತಾನೆ?"

ಓದಿದೆ ಅಂದೆ. ಸುಳ್ಳು ಹೇಳುವಾಗ ನಾನು ಎಂದೂ ತಡವರಿಸಿದವನಲ್ಲ.

ಆರೋಗ್ಯ ನೋಡಿಕೊ. ನೀನು ಎಲ್ಲಿ ಪಾಠ ಮಾಡಿದರೂ ಕೋಣೆ ತುಂಬಿರಲಿ.

ನಿನ್ನ ಅಣ್ಣ

ತಾ.ಕ.: ಮರೆತಿದ್ದೆ ಅಂತ ಬರೆದರೆ ಅದೂ ಸುಳ್ಳಾಗುತ್ತದೆ: ಆ ಚೀಟಿಗಳ ಕಟ್ಟನ್ನು ನಾನು ಬಿಚ್ಚಿಯೇ ಇರಲಿಲ್ಲ. ಟೈ ಸಾಹೇಬನಿಗೆ ಮೊದಲೇ ಮಾತು ಕೊಟ್ಟಾಗಿತ್ತು. ನೀನು ಬೇಡವೆಂದು ಅವರು ಯಾರೂ ಹೇಳಲಿಲ್ಲ, ನಾನೊಬ್ಬನೇ ಹೇಳಿದ್ದು. ನಿನ್ನೆ ಬಿಚ್ಚಿದೆ. ಇಪ್ಪತ್ತೆಂಟು ಜನ ನೀನೇ ಇರಬೇಕು ಎಂದು ಬರೆದಿದ್ದಾರೆ. ಮೂವರು ಖಾಲಿ ಬಿಟ್ಟಿದ್ದಾರೆ.

ಟೈ ಸಾಹೇಬನಿಗೆ ಇನ್ನೂ ದೊಡ್ಡ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ನರ್ಸಮ್ಮನಿಗೆ ಹಳೆಯ ವಾರ್ಡೇ. ನನಗೆ ಹನ್ನೆರಡು ಜನ ವಿದ್ಯಾರ್ಥಿಗಳು. ನಿನಗೆ ಈ ಚೀಟಿಗಳು. ಕಾಗದದ ಜೊತೆ ಇಟ್ಟಿದ್ದೇನೆ.