ಏಳನೆಯ ಗುರುತು

ಮನೆಯಿಂದ,
ಮಾರ್ಚ್ 9, ಸೋಮವಾರ

ಪ್ರೀತಿಯ ತಮ್ಮಾ,

ಈ ಪತ್ರದಲ್ಲಿ ಒಂದು ವಿಷಯವನ್ನು ಬರೆಯದೇ ಬಿಡುವವಳಿದ್ದೆ. ಎರಡು ಸಲ ಬರೆದು ಹರಿದೂ ಹಾಕಿದೆ. ಕೊನೆಯಲ್ಲಾದರೂ ಬರೆಯುತ್ತೇನೆ, ಅದಕ್ಕೆ ಮೊದಲು ನಿನ್ನ ಬೆನ್ನುನೋವು ಹೇಗಿದೆ ಹೇಳು. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿದೆ, ಬಾಯಿ ಮಾತ್ರ ಹಿಡಿದುಕೊಂಡಿಲ್ಲ. "ಆರು ವರ್ಷ ಆಯ್ತು, ಅವನು ಬಂದ್ರೆ ನಾನೇನು ಕಚ್ಚಿಬಿಡ್ತೀನಾ?" ಎಂದು ದಿನಕ್ಕೊಮ್ಮೆ ಕೇಳುತ್ತಾಳೆ.

ಕಳೆದ ವಾರ ಆ ಹಳೆಯ ಗೋದಾಮಿಗೆ ಹೋಗಿದ್ದೆ. ಹೌದು, ಅದೇ. ಅಪ್ಪ ಬಿದ್ದು ತೀರಿಕೊಂಡ ಗೋದಾಮು. ಹೊಸ ಮಾಲೀಕರು ಬಂದಿದ್ದಾರೆ. ಮೂರು ಕಟ್ಟಡಗಳ ಮೇಲೂ ಸೋಲಾರ್ ಪ್ಯಾನೆಲ್ ಕೂರಿಸಬೇಕಂತೆ. "ಮೇಡಮ್, ಮೂರಕ್ಕೂ ಒಂದೇ ಥರ ಸ್ಟ್ಯಾಂಡ್ ಹಾಕ್ಬಿಡಿ, ನೋಡೋಕೆ ಲಕ್ಷಣವಾಗಿರುತ್ತೆ" ಎಂದರು. ಅಪ್ಪನ ಮಾತೇ ನನ್ನ ಬಾಯಿಂದ ಬಂತು: "ಒಂದೇ ಟೋಪೀನ ಎಲ್ಲರ ತಲೆಗೂ ಹಾಕೋಕಾಗಲ್ಲ ಸಾರ್." ಆಫೀಸಿನದು ಸಮತಟ್ಟಾದ ತಾರಸಿ. ತೂತು ಕೊರೆದರೆ ಮಳೆಗಾಲಕ್ಕೆ ನೀರು ಇಳಿಯುತ್ತದೆ. ಸ್ಟ್ಯಾಂಡಿನ ಕಾಲುಗಳ ಮೇಲೆ ಕಾಂಕ್ರೀಟ್ ದಿಮ್ಮಿ ಹೇರಿ ಭಾರದಿಂದಲೇ ನಿಲ್ಲಿಸಬೇಕು. ಹೊಸ ಶೆಡ್ಡಿನ ತಗಡಿಗೆ ಎದ್ದ ಮಡಿಕೆಗಳಿವೆ. ಅವನ್ನು ಕಚ್ಚಿ ಹಿಡಿಯುವ ಕ್ಲಾಂಪು ಸಾಕು. ಉಳಿದದ್ದು ಗೋದಾಮು. ಹಳೇ ತಗಡು, ಕೆಳಗೆ ಮರದ ತೊಲೆ. ಸ್ಕ್ರೂ ತೊಲೆಗೇ ಇಳಿಯಬೇಕು, ಆ ತೊಲೆ ಗಟ್ಟಿಯಿರಬೇಕು.

ಅದನ್ನು ನೋಡುವ ನಮ್ಮ ಪದ್ಧತಿ ನಿನಗೆ ಮರೆತಿರಲಾರದು. ನಾನು ಮೇಲಿನಿಂದ ಮೂರು ಸಲ ತಟ್ಟುವುದು, ನೀನು ಒಳಗೆ ಗಾಲಿಯ ಅಟ್ಟಣಿಗೆಯ ಮೇಲೆ ನಿಂತು ಆ ಜಾಗದ ತೊಲೆಯನ್ನು ಚುಚ್ಚಿ ನೋಡುವುದು. ಗಟ್ಟಿಯಿದ್ದರೆ ಎರಡು ಪೆಟ್ಟು, ಕೊಳೆತು ಲಡ್ಡಾಗಿದ್ದರೆ ಒಂದು. ಎರಡು ಬಂದ ಕಡೆ ನಾನು ಸೀಮೆಸುಣ್ಣದ ಗುರುತು ಹಾಕುವುದು, ಅಪ್ಪ ಆ ಗುರುತಿನ ಮೇಲಷ್ಟೇ ಕಾಲಿಡುವುದು. "ಉತ್ತರ ಬರೋ ತನಕ ಸೀಮೆಸುಣ್ಣ ಮುಟ್ಬೇಡ, ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಅಪ್ಪ ನನಗೇ ಹೇಳುತ್ತಿದ್ದ, ನಿನಗಲ್ಲ.

ಅವತ್ತು ಒಬ್ಬಳೇ ಹೋಗಿದ್ದೆ, ಬರೀ ಅಳತೆಗೆ. ಗೋದಾಮು ಖಾಲಿ. ಒಳಗೊಂದು ಸುತ್ತು ಹಾಕಿ, ನಾನೇ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ಏಣಿ ಹತ್ತಿದೆ. ಮಧ್ಯಾಹ್ನ ಮೂರು ಗಂಟೆ, ತಗಡು ಕಾವಲಿಯಾಗಿತ್ತು. ಮೊದಲ ಜಾಗಕ್ಕೆ ಬಂದಾಗ ಕೈ ಹಳೇ ಅಭ್ಯಾಸದಿಂದ ಮೂರು ಸಲ ತಟ್ಟಿತು. ಕೆಳಗಿನಿಂದ ಎರಡು ಪೆಟ್ಟು ಬಂತು.

ಬಿಸಿಲಿಗೆ ತಗಡು ಹಿಗ್ಗಿ ಸದ್ದು ಮಾಡುತ್ತದೆ, ಗೊತ್ತು. ಎರಡನೆಯ ಜಾಗದಲ್ಲಿ ತಟ್ಟಿದೆ. ಎರಡು. ಮೂರನೆಯದರಲ್ಲೂ ಎರಡು, ನೀನು ಕೊಡುತ್ತಿದ್ದ ಹಾಗೆಯೇ, ಎರಡನೆಯ ಪೆಟ್ಟು ಸ್ವಲ್ಪ ಮೆತ್ತಗೆ. ಆಗಲೇ ಇಳಿದು ಓಡಬೇಕಿತ್ತು. ಯಾಕೆ ಇಳಿಯಲಿಲ್ಲವೆಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ; ಕೆಲಸ ಸಲೀಸಾಗಿ ಸಾಗುತ್ತಿತ್ತು ಎನ್ನುವುದೇ ನಿಜವಿರಬೇಕು. ಆರರವರೆಗೂ ಗುರುತು ಹಾಕಿದೆ. ಏಳನೆಯದು ಅಪ್ಪ ಬಿದ್ದ ಜಾಗ. ಅಲ್ಲೀಗ ಹೊಸ ತಗಡಿನ ತೇಪೆಯಿದೆ. ಪಕ್ಕದಲ್ಲಿ ಮಂಡಿಯೂರಿ ತಟ್ಟಿದೆ. ಸದ್ದಿಲ್ಲ. ಈ ಸಲ ಕಾದೆ. ಮಂಡಿ ಸುಡುತ್ತಿತ್ತು, ಆದರೂ ಕಾದೆ. ತುಂಬಾ ಹೊತ್ತಿನ ಮೇಲೆ, ನನ್ನ ಅಂಗೈಯ ಕೆಳಗೇ ಬಂತು. ಒಂದು.

ಇಳಿದು ಬೀಗ ತೆಗೆದೆ. ನೆಲದ ಧೂಳಿನಲ್ಲಿ ನನ್ನ ಹೆಜ್ಜೆಗಳಷ್ಟೇ ಇದ್ದವು. ಅಟ್ಟಣಿಗೆಯಿಲ್ಲ, ಏಣಿಯಿಲ್ಲ, ತೊಲೆಗಳು ಯಾರ ಕೈಗೂ ಎಟುಕುವ ಎತ್ತರದಲ್ಲಿಲ್ಲ. ಹೊರಗಿನ ಏಣಿಯನ್ನೇ ಎಳೆದು ತಂದು ಒಂದೊಂದನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿದೆ. ಆರೂ ಕಬ್ಬಿಣದ ಹಾಗಿವೆ. ಏಳನೆಯದಕ್ಕೆ ಬಣ್ಣ ಬಳಿದು ಬಿಟ್ಟಿದ್ದಾರೆ ಅಷ್ಟೇ, ಹಿಡಿಯವರೆಗೂ ಇಳಿಯಿತು. ಗೋದಾಮಿನ ಮೇಲೆ ಏನೂ ಕೂರಿಸುವುದು ಬೇಡ, ಪಕ್ಕದ ಬಯಲಿನಲ್ಲೇ ಕಂಬ ನೆಟ್ಟು ಹಾಕೋಣ ಎಂದು ಮಾಲೀಕರಿಗೆ ಬರೆದುಕೊಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ಅಮ್ಮನ ಆಶೀರ್ವಾದ ಎಂದಿನಂತೆ ಬೈಗುಳದ ಜೊತೆಗೇ ಬರುತ್ತಿದೆ.

ನಿನ್ನ
ಅಕ್ಕ

ಮತ್ತೆ: ಅಪ್ಪ ಬಿದ್ದ ದಿನ ಏಳನೆಯ ಜಾಗದಲ್ಲಿ ನೀನು ಎರಡು ಪೆಟ್ಟು ಕೊಟ್ಟೆ ಎಂದು ಎಲ್ಲರಿಗೂ ಹೇಳಿದವಳು ನಾನು. "ಅಕ್ಕ ಹೇಳಿದ್ಮೇಲೆ ಕೊಟ್ಟೇ ಇರ್ತೀನಿ" ಎಂದು ನೀನು ನಂಬಿದೆ, ಮನೆ ಬಿಟ್ಟೆ. ನೀನು ಕೊಟ್ಟಿರಲಿಲ್ಲ. ನೀನಿನ್ನೂ ಆ ಜಾಗಕ್ಕೆ ಅಟ್ಟಣಿಗೆ ತಳ್ಳುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ಕಾಯದೇ ಗುರುತು ಹಾಕಿದೆ. ಅಪ್ಪ ಆ ಗುರುತನ್ನು ನಂಬಿ ಕಾಲಿಟ್ಟ. ಅಮ್ಮನಿಗೆ ಇನ್ನೂ ಹೇಳಿಲ್ಲ. ಬುಧವಾರ ಈ ಪತ್ರವನ್ನೇ ಅವಳಿಗೆ ಓದಿ ಹೇಳುತ್ತೇನೆ. ಅವಳು ಏನೇ ಅನ್ನಲಿ, ಅಂಚೆಗೆ ಹಾಕುವುದು ಮಾರ್ಚ್ 12, ಗುರುವಾರ.